ಮಾಡಿದ್ದುಣ್ಣೋ ಮಹಾರಾಯ ಎನ್ನುವ ಮೊದಲು

ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಕೇಳುವ ಭಾಗ್ಯ ನಮ್ಮ ಗಡಿನಾಡಿನವರದ್ದು. ಕುಡಿದು ಆರೋಗ್ಯ ಕೆಡಿಸಿಕೊಂಡವನನ್ನು ಕಂಡಾಗ, ಬಡ್ಡಿಯ ಆಸೆಗೆ ಯಾರದೋ ಚಿಟ್‌ ಫಂಡಿಗೆ ಹಣ ಕಟ್ಟಿ ಕಳೆದುಕೊಂಡವನ ಸುದ್ದಿ ಕೇಳಿದಾಗ, ಕನ್ನಡದವರು 'ಮಾಡಿದ್ದುಣ್ಣೋ ಮಹಾರಾಯ' ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಮಲಯಾಳದವರು 'ವರುತ್ತಿವೆಚ್ಚ ವಿನ' ಎಂದು ತಲೆಯಾಡಿಸುತ್ತಾರೆ. ಎರಡರ ತಾತ್ಪರ್ಯವೂ ಒಂದೇ. ಈ ಕಷ್ಟ ಅವನಾಗಿಯೇ ಕರೆದು ತಂದದ್ದು. ಆದ್ದರಿಂದ ನಮ್ಮ ಮರುಕದಲ್ಲಿ ಅವನಿಗೆ ಪಾಲಿಲ್ಲ.

ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ನನ್ನಂಥವನಿಗೆ ಈ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ. ಓದದೆ ಸಹಿ ಹಾಕಿದವರು, ಗೆಳೆಯನಿಗೆ ಜಾಮೀನು ನಿಂತವರು, ಫೋನಿನಲ್ಲಿ ಯಾರೋ ಕೇಳಿದರೆಂದು ಗುಟ್ಟಿನ ಸಂಖ್ಯೆ ಹೇಳಿದವರು, ಹೀಗೆ ದಿನಕ್ಕೊಬ್ಬರಾದರೂ ಕಣ್ಣೀರು ಒರೆಸುತ್ತ ನನ್ನೆದುರು ನಿಲ್ಲುತ್ತಾರೆ. ಬಾಯಲ್ಲಿ ಹೇಳದಿದ್ದರೂ ಮನಸ್ಸಿನಲ್ಲಿ ಈ ಗಾದೆಯನ್ನು ಹೇಳಿಕೊಂಡೇ ನಾನು ಮುಂದಿನ ಟೋಕನ್ ಕರೆದಿದ್ದೇನೆ. ಆದರೆ ಕಳೆದ ಎರಡು ವರ್ಷಗಳಿಂದ ಅದು ಮನಸ್ಸಿಗೆ ಬಂದಾಗಲೆಲ್ಲ ಜೊತೆಯಲ್ಲಿ ಒಂದು ಮುಖವೂ ಬಂದು ನಿಲ್ಲುತ್ತದೆ. ಅದು ನನ್ನ ಚಿಕ್ಕಮ್ಮನ ಮಗಳ ಮುಖ. ಆ ಮುಖದಿಂದಾಗಿ ಈ ಗಾದೆಯನ್ನು ಒಮ್ಮೆ ತೂಗಿ ನೋಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡವೆಂದು ಅವಳು ಹೇಳಿದ್ದಾಳೆ, ಬರೆಯಬೇಡವೆಂದು ಹೇಳಿಲ್ಲ.

ಅವಳಿಗೆ ಆಗ ಮೂವತ್ತೊಂಬತ್ತು ವರ್ಷ. ಪೇಟೆಯ ಒಂದು ಚಿನ್ನದಂಗಡಿಯಲ್ಲಿ ಹದಿಮೂರು ವರ್ಷ ಮುಂಭಾಗದ ಕೌಂಟರಿನಲ್ಲಿ ನಿಂತವಳು. ಒಂದು ದಿನ ಮೇಲ್ವಿಚಾರಕರು ಬಹಳ ಮೃದುವಾಗಿ, 'ಈಚೆಗೆ ನಿಮ್ಮ ಮುಖದಲ್ಲಿ ಆಯಾಸ ಕಾಣ್ತದೆ, ಸ್ವಲ್ಪ ದಿನ ಒಳಗೆ ಬಿಲ್ಲಿಂಗಿನಲ್ಲಿ ಕೂತುಕೊಳ್ಳಿ' ಎಂದರಂತೆ. ಮುಂದಿನವರಿಗೆ ಸಿಗುವ ಕಮಿಷನ್ ಒಳಗಿನವರಿಗೆ ಇಲ್ಲ. ಆಯಾಸವೆಂದು ಅವರು ಹೇಳಿದ್ದು ಮೂಗಿನ ಬದಿಯಿಂದ ಬಾಯಿಯ ಕೊನೆಗೆ ಇಳಿಯುವ ಎರಡು ಗೆರೆಗಳನ್ನು. ಅವಳು ಯಾರಿಗೂ ಹೇಳದೆ ದೂರದ ಒಂದು ನಗರಕ್ಕೆ ಹೋಗಿ, ಜಾಹೀರಾತಿನಲ್ಲಿ ಕಂಡ ಒಂದು ಸೌಂದರ್ಯ ಕೇಂದ್ರದಲ್ಲಿ ಆ ಗೆರೆಗಳಿಗೆ 'ಫಿಲ್ಲರ್' ಚುಚ್ಚಿಸಿಕೊಂಡು ಬಂದಳು. ಚುಚ್ಚಿದವರು ವೈದ್ಯರಾಗಿರಲಿಲ್ಲ ಎಂಬುದು ಆಮೇಲೆ ತಿಳಿದ ಸಂಗತಿ.

ಹತ್ತು ದಿನ ಕಳೆದು ನಮ್ಮ ಮನೆಯಲ್ಲಿ ಒಂದು ಪೂಜೆ. ಗೆರೆಗಳಿಲ್ಲದ, ಸ್ವಲ್ಪ ಉಬ್ಬಿದ ಕೆನ್ನೆಯ ಅವಳನ್ನು ಕಂಡು ನಾನು ಹತ್ತು ಜನರೆದುರು, 'ಯಾವ ಮೇಳದ ವೇಷ ಇದು? ರಾತ್ರಿ ಆಟ ಉಂಟಾ?' ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೆ ಆ ದಿನ ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ಸಂತೋಷವೇ ಆಗಿತ್ತು.

ಮೂರನೆಯ ವಾರದಲ್ಲಿ ಅವಳ ಎಡಗೆನ್ನೆಯಲ್ಲಿ ಕೆಂಪು ಗಂಟುಗಳು ಎದ್ದವು. ಸೌಂದರ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಮಂಜುಗಡ್ಡೆ ಇಟ್ಟು ತಿಕ್ಕಿ ಎಂದರು. ಮತ್ತೆ ಮಾಡಿದಾಗ ಫೋನ್ ಎತ್ತಲಿಲ್ಲ. ಅವಳು ಕೊರೋನಾ ಕಾಲದ ಮಾಸ್ಕ್ ಹಾಕಿಕೊಂಡು, ಕೇಳಿದವರಿಗೆ ಹಲ್ಲಿನ ಬಾವು ಎಂದು ಹೇಳಿ, ಔಷಧದಂಗಡಿಯಿಂದ ಯಾವುದೋ ಮಾತ್ರೆ ತಂದು ನುಂಗುತ್ತ ಇಪ್ಪತ್ತೈದು ದಿನ ಕಳೆದಳು. ಒಂದು ಸಂಜೆ ನನ್ನ ಹೆಂಡತಿ ಅವಳ ಮನೆಗೆ ಹೋದಾಗ ಮಾಸ್ಕ್ ಇಲ್ಲದ ಮುಖ ಕಂಡಿತು. ಮರುದಿನವೇ ಮಂಗಳೂರಿಗೆ ಕರೆದುಕೊಂಡು ಹೋದೆವು. ವೈದ್ಯರು ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಷಯದ ರೋಗಾಣುವಿನ ಜಾತಿಗೆ ಸೇರಿದ, ಆದರೆ ಕ್ಷಯವಲ್ಲದ, ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ ಅದೆಂದು ಫಲಿತಾಂಶ ಬಂತು. ಐದು ತಿಂಗಳು ಎರಡು ಬಗೆಯ ಔಷಧ. ಈಗ ಗುಣವಾಗಿದೆ, ಕೆನ್ನೆಯಲ್ಲಿ ಬೆರಳಿಟ್ಟು ಒತ್ತಿದಂತೆ ಒಂದು ಗುಳಿ ಉಳಿದಿದೆ.

ಮೊದಲ ದಿನ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: 'ಇಷ್ಟು ದಿನ ಯಾಕೆ ಬರಲಿಲ್ಲ?' ಅವಳು ಅಲ್ಲಿ ಉತ್ತರ ಕೊಡಲಿಲ್ಲ. ಹಿಂತಿರುಗುವಾಗ ತಲಪಾಡಿ ದಾಟಿದ ಮೇಲೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: 'ಚಂದ ಇದ್ದಾಗಲೇ ನೀವೆಲ್ಲ ಅಷ್ಟು ನಗಾಡಿದ್ರಲ್ಲ ಅಣ್ಣ, ಹಾಳಾದ ಮೇಲೆ ಯಾರ ಹತ್ರ ಹೇಳುದು?'

ಈ ಮಾತಿಗೆ ಕಾರಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ.

ಈ ಚುಚ್ಚುವ ವಸ್ತು ಯಾವುದು, ಅದರಿಂದ ಏನಾಗುತ್ತದೆ ಎಂಬುದನ್ನು ಆ ಐದು ತಿಂಗಳಲ್ಲಿ ವೈದ್ಯರಿಂದ ಕೇಳಿ, ಓದಿ ಅಷ್ಟಿಷ್ಟು ತಿಳಿದುಕೊಂಡೆ. ಪ್ರಶ್ನೆಯ ಗಂಟು ಅಲ್ಲೇ ಇರುವುದರಿಂದ ಅದನ್ನು ಓದುಗರ ಮುಂದಿಡುವುದು ಅಗತ್ಯ. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲದ ಅಂಟು. ಆಮ್ಲವೆಂಬ ಹೆಸರು ಕೇಳಿ ಹೆದರಬೇಕಾಗಿಲ್ಲ. ಅದು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನೊಳಗಿನ ಗಾಜಿನಂಥ ದ್ರವದಲ್ಲಿ ಹುಟ್ಟಿನಿಂದಲೇ ಇರುವ ವಸ್ತು. ೧೯೩೪ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನಿಂದ ಅದನ್ನು ಮೊದಲು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಗಾಜಿಗಿರುವ ಪದದಿಂದಲೇ ಅದಕ್ಕೆ ಹೆಸರು ಬಂತು. ನೀರನ್ನು ಹಿಡಿದಿಟ್ಟುಕೊಳ್ಳುವುದು ಅದರ ಗುಣ. ಅದನ್ನು ಬೇಗ ಕರಗದಂತೆ ಹದಗೊಳಿಸಿ, ಕುಸಿದ ಜಾಗಕ್ಕೆ ಚುಚ್ಚಿದರೆ ಕೆಲವು ತಿಂಗಳಿಂದ ಒಂದೆರಡು ವರ್ಷದವರೆಗೆ ನಿಲ್ಲುತ್ತದೆ. ೨೦೦೩ರ ಕೊನೆಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ಮೊದಲ ಅಂಟಿಗೆ ಒಪ್ಪಿಗೆ ಕೊಟ್ಟಿತು. ಈಗ ಜಗತ್ತಿನಲ್ಲಿ ವರ್ಷಕ್ಕೆ ಹತ್ತಾರು ಲಕ್ಷ ಬಾರಿ ಇದು ನಡೆಯುತ್ತದೆ. ಬಹಳಷ್ಟು ಜನರಿಗೆ ನಾಲ್ಕು ದಿನದ ಬಾವು, ಕಂದಿದ ಕಲೆ ಬಿಟ್ಟರೆ ಬೇರೇನೂ ಆಗುವುದಿಲ್ಲ. ಈ ಮಾತನ್ನೂ ನ್ಯಾಯವಾಗಿ ಹೇಳಬೇಕು.

ಆಗುವುದು ಆದಾಗ ಎರಡು ದಾರಿಗಳಲ್ಲಿ ಆಗುತ್ತದೆ. ಮೊದಲನೆಯದು ಸೋಂಕು. ಚರ್ಮದ ಮೇಲೆ ಸದಾ ಇರುವ ರೋಗಾಣುಗಳನ್ನು ಸೂಜಿ ಒಳಗೆ ಕೊಂಡೊಯ್ಯಬಹುದು. ಚರ್ಮವನ್ನು ಸರಿಯಾಗಿ ಶುದ್ಧಿ ಮಾಡದಿದ್ದರೆ, ನಲ್ಲಿಯ ನೀರಿನ ಮಂಜುಗಡ್ಡೆಯನ್ನು ಚುಚ್ಚಿದ ಜಾಗಕ್ಕೆ ಒತ್ತಿದರೆ ನೀರಿನ ರೋಗಾಣುಗಳೂ ಸೇರಬಹುದು. ಒಳಗಿರುವ ಅಂಟು ದೇಹದ ಪಾಲಿಗೆ ಹೊರಗಿನ ವಸ್ತು. ಅದರ ಸುತ್ತ ರೋಗಾಣುಗಳು ಒಂದು ಪೊರೆ ಕಟ್ಟಿಕೊಂಡು ಅಡಗಿ ಕೂರಬಲ್ಲವು. ಆ ಪೊರೆಯೊಳಗೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಹಾಗಾಗಿ ಚುಚ್ಚಿಸಿಕೊಂಡ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಗಂಟು ಏಳುವುದುಂಟು. ಅಷ್ಟು ಹೊತ್ತಿಗೆ ಕಾರಣವೇ ಮರೆತುಹೋಗಿರುತ್ತದೆ, ಅಥವಾ ಮರೆತಂತೆ ನಟಿಸಬೇಕಾಗಿರುತ್ತದೆ.

ಎರಡನೆಯದು ರಕ್ತನಾಳ ಕಟ್ಟಿಕೊಳ್ಳುವುದು. ಅಂಟು ತಪ್ಪಿ ಧಮನಿಯೊಳಗೆ ಹೋದರೆ ಅದು ನೀರು ಹೋಗುವ ಕಣಿಯಲ್ಲಿ ಸಿಕ್ಕಿಬಿದ್ದ ಕೆಸರಿನಂತೆ. ಆಚೆಗಿನ ಚರ್ಮ ಬಿಳುಚಿಕೊಳ್ಳುತ್ತದೆ, ಬಲೆಯಂಥ ನೀಲಿ ಗೆರೆಗಳು ಮೂಡುತ್ತವೆ, ನೋವು ಏರುತ್ತದೆ. ಬಿಟ್ಟರೆ ಆ ಭಾಗ ಸಾಯುತ್ತದೆ. ಮೂಗು, ಹಣೆ, ಹುಬ್ಬುಗಳ ನಡುವಿನ ಜಾಗದ ರಕ್ತನಾಳಗಳಿಗೆ ಕಣ್ಣಿನ ರಕ್ತನಾಳದ ಜೊತೆ ಸಂಬಂಧವಿದೆ. ಸೂಜಿಯ ಒತ್ತಡಕ್ಕೆ ಅಂಟು ಹಿಮ್ಮುಖವಾಗಿ ಹರಿದು ಕಣ್ಣಿನ ನಾಳವನ್ನು ಸೇರಿದರೆ ದೃಷ್ಟಿಯೇ ಹೋಗಬಹುದು. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದ ಇಂಥ ಪ್ರಕರಣಗಳನ್ನು ೨೦೧೫ರಲ್ಲಿ ಒಟ್ಟುಗೂಡಿಸಿದಾಗ ೯೮ ಸಿಕ್ಕವು. ಅವುಗಳಲ್ಲಿ ಸುಮಾರು ಅರ್ಧದಷ್ಟು ಅಂಟಿನಿಂದಲ್ಲ, ದೇಹದ ಬೇರೆ ಭಾಗದ ಕೊಬ್ಬನ್ನು ತೆಗೆದು ಮುಖಕ್ಕೆ ಚುಚ್ಚಿದ್ದರಿಂದ ಆದವು. ೨೦೧೯ರಲ್ಲಿ ಮತ್ತೆ ಹುಡುಕಿದಾಗ ಹೊಸದಾಗಿ ೪೮ ಸೇರಿದವು. ಒಟ್ಟು ಚುಚ್ಚುಮದ್ದುಗಳ ಲೆಕ್ಕದ ಎದುರು ಇದು ಸಣ್ಣ ಸಂಖ್ಯೆ. ಆದರೆ ಸರಾಸರಿಯ ಲೆಕ್ಕ ಕಣ್ಣು ಕಳೆದುಕೊಂಡವರ ಉಪಯೋಗಕ್ಕೆ ಬರುವುದಿಲ್ಲ.

ನಾನು ಮುಖ್ಯವೆಂದು ತಿಳಿದದ್ದು ಇನ್ನೊಂದು ವಿಷಯ. ಈ ಅಂಟನ್ನು ಕರಗಿಸುವ ಔಷಧ ಇದೆ. ಹಯಲುರಾನಿಡೇಸ್ ಎಂಬ ಕಿಣ್ವ ಅದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮರಗಟ್ಟಿಸುವ ಔಷಧ ಚೆನ್ನಾಗಿ ಹರಡಲೆಂದು ನಮ್ಮ ಕಣ್ಣಿನ ವೈದ್ಯರೂ ಅದನ್ನು ಬಳಸುತ್ತಾರೆ. ಎಲ್ಲೋ ಪರದೇಶದಲ್ಲಿ ಮಾತ್ರ ಸಿಗುವ ಸಂಜೀವಿನಿಯಲ್ಲ. ರಕ್ತನಾಳ ಕಟ್ಟಿಕೊಂಡಾಗ ಕೆಲವು ಗಂಟೆಗಳ ಒಳಗೆ ಅದನ್ನು ಕೊಟ್ಟರೆ ಚರ್ಮ ಉಳಿಯುವ ಸಾಧ್ಯತೆ ಹೆಚ್ಚು. ಕಣ್ಣಿನ ಪರದೆಯಾದರೋ ರಕ್ತವಿಲ್ಲದೆ ಒಂದು, ಒಂದೂವರೆ ಗಂಟೆಗಿಂತ ಹೆಚ್ಚು ತಾಳುವುದು ಕಷ್ಟ. ಸೋಂಕಿನಲ್ಲೂ ಅಷ್ಟೆ: ಗಂಟೆಗಳ ಬದಲು ದಿನಗಳ ಲೆಕ್ಕ, ಆದರೆ ಬೇಗ ಬಂದವರದ್ದು ಬೇಗ ಗುಣವಾಗುತ್ತದೆ. ಒಟ್ಟಿನಲ್ಲಿ ಈ ಕಾಯಿಲೆಯಲ್ಲಿ ಅರ್ಧ ಔಷಧ ಸಮಯವೇ. ಆ ಸಮಯವನ್ನು ಕದಿಯುವುದು ಯಾರು? ನನ್ನ ತಂಗಿಯ ಇಪ್ಪತ್ತೈದು ದಿನಗಳನ್ನು ರೋಗಾಣು ಕದಿಯಲಿಲ್ಲ. ನಾಚಿಕೆ ಕದಿಯಿತು. ಆ ನಾಚಿಕೆಯನ್ನು ಅವಳ ಮನೆಬಾಗಿಲಿಗೆ ತಲುಪಿಸಿದವರಲ್ಲಿ ನಾನೊಬ್ಬ.

೨೦೨೦ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ ದಿನಗಳನ್ನು ನಾವು ಯಾರೂ ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳ ಆಂಬುಲೆನ್ಸುಗಳು ಅಲ್ಲಿ ನಿಂತವು. ಕಳೆದುಹೋದ ಗಂಟೆಗಳ ಬೆಲೆ ಏನೆಂದು ಕಾಸರಗೋಡಿನವರಿಗೆ ಪಾಠ ಹೇಳಬೇಕಾಗಿಲ್ಲ. ಆ ತಡೆಗೆ ಮಣ್ಣಿನ ರಾಶಿಯಿತ್ತು, ಪೋಲೀಸರಿದ್ದರು, ನ್ಯಾಯಾಲಯಕ್ಕೆ ಹೋಗಿ ವಾದಿಸಬಹುದಿತ್ತು. ನಗುವಿನಿಂದ ಕಟ್ಟಿದ ತಡೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಟ್ಟಿದವರಿಗೂ ತಾವು ಕಟ್ಟಿದ್ದೇವೆಂದು ಗೊತ್ತಿರುವುದಿಲ್ಲ.

ಇಲ್ಲಿ ಓದುಗರು ನನ್ನನ್ನು ತಡೆದು ಕೇಳಬಹುದು: ಹಾಗಾದರೆ ಅವಳ ತಪ್ಪೇ ಇಲ್ಲವೇ? ಅನ್ನಕ್ಕಾಗಿ ಮರವೇರಿ ಬಿದ್ದವನಿಗೂ ಅಂದಕ್ಕಾಗಿ ಸೂಜಿ ಚುಚ್ಚಿಸಿಕೊಂಡವಳಿಗೂ ಒಂದೇ ತಕ್ಕಡಿಯೇ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ನನ್ನ ಮಟ್ಟಿಗೆ ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ಈ ತಕ್ಕಡಿಯನ್ನು ನಾವು ಎಲ್ಲರಿಗೂ ಸಮವಾಗಿ ಹಿಡಿಯುವುದಿಲ್ಲ. ನಾನು ಎಂಟು ವರ್ಷಗಳಿಂದ ಮೂರು ವಾರಕ್ಕೊಮ್ಮೆ ತಲೆಗೆ ಕಪ್ಪು ಬಣ್ಣ ಹಚ್ಚುತ್ತೇನೆ. ಒಮ್ಮೆ ಅದರಿಂದ ನೆತ್ತಿ ಉರಿದು ಕಣ್ಣಿನ ರೆಪ್ಪೆ ಬಾತುಕೊಂಡಿತು. ಬಣ್ಣದಲ್ಲಿರುವ ಪ್ಯಾರಾಫಿನಿಲೀನ್ ಡೈಅಮೀನ್ ಎಂಬ ರಾಸಾಯನಿಕ ಕೆಲವರಿಗೆ ಆಗುವುದಿಲ್ಲವಂತೆ. ಮರುದಿನವೇ ವೈದ್ಯರಲ್ಲಿಗೆ ಹೋದೆ. ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದೆ. ಎಲ್ಲರೂ ಯಾವ ಕಂಪೆನಿಯದ್ದು ಒಳ್ಳೆಯದೆಂದು ಸಲಹೆ ಕೊಟ್ಟರು. ಮಾಡಿದ್ದುಣ್ಣೋ ಎಂದು ಒಬ್ಬರೂ ಹೇಳಲಿಲ್ಲ. ಮಗುವಿನ ಕಿವಿ ಚುಚ್ಚಿಸುತ್ತೇವೆ, ಹೆಣ್ಣಿನ ಮೂಗು ಚುಚ್ಚಿಸುತ್ತೇವೆ. ಅದು ಕೀವಾದರೆ ಅರಸಿನ ಹಚ್ಚಿ, ಅಯ್ಯೋ ಪಾಪ ಎನ್ನುತ್ತೇವೆ. ಅದೂ ಸೂಜಿಯೇ, ಅದೂ ಅಂದಕ್ಕಾಗಿಯೇ. ಆ ಮಗುವಿನ ಒಪ್ಪಿಗೆಯನ್ನು ಕೂಡ ಯಾರೂ ಕೇಳಿರುವುದಿಲ್ಲ. ಹಾಗಿದ್ದರೆ ನಾವು ನಗುವುದು ಅಂದದ ಆಸೆಗಲ್ಲ. ನಮಗೆ ಅಭ್ಯಾಸವಿಲ್ಲದ ಆಸೆಗೆ. ಹಳೆಯ ಆಸೆಗೆ ಸಂಪ್ರದಾಯವೆಂಬ ಹೆಸರು ಸಿಕ್ಕಿದೆ, ಹೊಸದಕ್ಕೆ ಇನ್ನೂ ಸಿಕ್ಕಿಲ್ಲ.

ಆಸೆ ಯಾವುದು, ಅಗತ್ಯ ಯಾವುದು ಎಂಬ ಗೆರೆಯೂ ನಾವು ತಿಳಿದಷ್ಟು ದಪ್ಪವಾಗಿಲ್ಲ. ಏಡ್ಸ್ ರೋಗದ ಹಳೆಯ ಔಷಧಗಳಲ್ಲಿ ಒಂದಾದ ಸ್ಟಾವುಡೀನ್ ಸೇವಿಸುತ್ತಿದ್ದ ಹಲವರ ಕೆನ್ನೆಯ ಕೊಬ್ಬು ಕರಗಿ ಮುಖ ಕುಳಿಬೀಳುತ್ತಿತ್ತು. ಜೀವ ಉಳಿಯಿತು, ಆದರೆ ಕೆನ್ನೆ ನೋಡಿಯೇ ನೆರೆಯವರು ಕಾಯಿಲೆಯ ಹೆಸರು ಊಹಿಸುವಂತಾಯಿತು. ೨೦೦೪ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಫಿಲ್ಲರಿಗೆ ಒಪ್ಪಿಗೆ ಸಿಕ್ಕಿದ್ದು ಅಂಥವರ ಕೆನ್ನೆ ತುಂಬಲೆಂದೇ. ಅವರು ಚುಚ್ಚಿಸಿಕೊಂಡದ್ದು ಅಂದಕ್ಕೋ, ಮಾನವಾಗಿ ಬೀದಿಯಲ್ಲಿ ನಡೆಯುವುದಕ್ಕೋ? ನನ್ನ ತಂಗಿ ಚುಚ್ಚಿಸಿಕೊಂಡದ್ದು ಅಂದಕ್ಕೋ, ಕೌಂಟರಿನ ಮುಂದಿನ ಸಾಲಿಗೋ? ಮುಖ ನೋಡಿ ಮಣೆ ಹಾಕುವುದು ನಮ್ಮ ಲೋಕರೂಢಿ. ಮಣೆ ಬೇಕಾದವರು ಮುಖ ತಿದ್ದಿಕೊಳ್ಳಲು ಹೊರಟರೆ ಮಣೆ ಹಾಕುವವರೇ ನಗುವುದು ಯಾವ ನ್ಯಾಯ?

ಎರಡನೆಯ ಉತ್ತರ ನನ್ನ ಉದ್ಯೋಗದಿಂದ ಬಂದದ್ದು. ಹೆಬ್ಬೆಟ್ಟು ಒತ್ತುವವರು ಸಾಲಪತ್ರಕ್ಕೆ ಬಂದಾಗ, ಅದರಲ್ಲಿರುವುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಲಾಗಿದೆ ಎಂದು ಬರೆದು ಸಹಿ ಮಾಡುವ ಕ್ರಮ ಬ್ಯಾಂಕಿನಲ್ಲಿದೆ. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಎಲ್ಲವೂ ಒಂದೇ ಕ್ಯೂನಲ್ಲಿ ನಿಲ್ಲುವ ನಮ್ಮ ಊರಿನಲ್ಲಿ ಈ ಕ್ರಮದ ಬೆಲೆ ಹೆಚ್ಚು. ತಿಳಿಯದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ ಎಂಬ ವಿವೇಕ ಅದರ ಹಿಂದಿದೆ. ನನ್ನ ತಂಗಿ ಬಿ.ಕಾಂ. ಓದಿದವಳು. ಅವಳಿಂದಲೂ ಸೌಂದರ್ಯ ಕೇಂದ್ರದಲ್ಲಿ ಇಂಗ್ಲಿಷಿನ ಎರಡು ಪುಟದ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಆದರೆ ಸೋಂಕು ಬರಬಹುದು, ರಕ್ತನಾಳ ಕಟ್ಟಬಹುದು, ಕಣ್ಣು ಹೋಗಬಹುದು, ಆದರೆ ಇಂಥ ಕಡೆ ಓಡಿ ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ. 'ಊಟದ ವಿರಾಮದಲ್ಲಿ ಮುಗಿಯುತ್ತದೆ' ಎಂದಷ್ಟೇ ಹೇಳಿದ್ದರು. ತಿಳಿದು ಮಾಡಿದ್ದನ್ನು ಉಣ್ಣಬೇಕು ಎಂದರೆ ಒಪ್ಪಬಹುದು. ತಿಳಿಸದೆ ಮಾಡಿಸಿದ್ದನ್ನು ಯಾರು ಉಣ್ಣಬೇಕು?

ಇದು ಅವಳೊಬ್ಬಳ ಕತೆಯಲ್ಲ. ೨೦೧೩ರಲ್ಲಿ ಇಂಗ್ಲೆಂಡಿನಲ್ಲಿ ಬ್ರೂಸ್ ಕಿಯೋ ಎಂಬ ಹಿರಿಯ ವೈದ್ಯರು ಸರಕಾರಕ್ಕಾಗಿ ಒಂದು ವರದಿ ಸಿದ್ಧಪಡಿಸಿದರು. ಇಂಥ ಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಬಾಲ್‌ಪಾಯಿಂಟ್ ಪೆನ್ನು ಕೊಂಡವರಿಗಿಂತ ಹೆಚ್ಚಿನ ರಕ್ಷಣೆಯಿಲ್ಲ ಎಂಬುದು ಅದರಲ್ಲಿನ ಒಂದು ಮುಖ್ಯ ಮಾತು. ೨೦೨೧ರ ಅಕ್ಟೋಬರಿನಿಂದ ಅಲ್ಲಿ ಹದಿನೆಂಟು ತುಂಬದವರಿಗೆ ಅಂದಕ್ಕಾಗಿ ಫಿಲ್ಲರ್ ಚುಚ್ಚುವುದು ಅಪರಾಧ. ನಮ್ಮಲ್ಲಿ ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಸೂಚನೆ ಹೊರಡಿಸಿ, ಯೂಟ್ಯೂಬ್ ನೋಡಿ ಕಲಿತದ್ದು ಇದಕ್ಕೆ ಸಾಕಾಗುವ ತರಬೇತಿಯಲ್ಲ ಎಂದು ಬರೆಯಬೇಕಾಗಿ ಬಂತು. ಹಾಗೆ ಬರೆಯಬೇಕಾಯಿತು ಎಂಬುದರಿಂದಲೇ ಪರಿಸ್ಥಿತಿ ಎಂಥದೆಂದು ತಿಳಿಯಬಹುದು.

ಮೂರನೆಯದು ಗಾದೆಯ ಪರವಾಗಿ ಇರುವ ಎಲ್ಲಕ್ಕಿಂತ ಗಟ್ಟಿಯಾದ ವಾದಕ್ಕೆ ಕೊಡಬೇಕಾದ ಉತ್ತರ. 'ನಗುವುದರಿಂದಲೇ ಸಮಾಜ ಹದ್ದುಬಸ್ತಿನಲ್ಲಿರುತ್ತದೆ. ಒಬ್ಬರನ್ನು ನೋಡಿ ನಕ್ಕರೆ ಹತ್ತು ಜನ ಆ ದಾರಿ ಹಿಡಿಯುವುದಿಲ್ಲ. ಎಲ್ಲದಕ್ಕೂ ಮರುಕ ತೋರಿಸುತ್ತ ಹೋದರೆ ಅವಿವೇಕಕ್ಕೆ ಬಡ್ಡಿ ಕೊಟ್ಟಂತೆ.' ನನ್ನ ಶಾಖೆಯ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ ಮಾತಿದು. ಸಾಲ ಮನ್ನಾದ ವಿಷಯದಲ್ಲಿ ನಾನೂ ಹೀಗೇ ವಾದಿಸಿದವನು.

ಆದರೆ ನಗು ಸೂಜಿಯನ್ನು ತಡೆದ ಉದಾಹರಣೆ ನನಗೆ ಕಾಣಲಿಲ್ಲ. ಇತಿಹಾಸದಲ್ಲೂ ಇಲ್ಲ. ೧೮೯೯ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯರು ದೇಹದ ಕುಂದು ತುಂಬಲು ಪ್ಯಾರಾಫಿನ್ ಚುಚ್ಚುವ ಕ್ರಮವನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಮೂಗು, ಕೆನ್ನೆಗಳಿಗೆ ಬಂತು. ಅಮೆರಿಕನ್ ಮನೆತನದ ಗ್ಲಾಡಿಸ್ ಡೀಕನ್ ಎಂಬ ಹೆಸರಾಂತ ಚೆಲುವೆ ಇಪ್ಪತ್ತರ ಹರೆಯದಲ್ಲಿ ಮೂಗಿನ ಏಣು ನೇರವಾಗಲೆಂದು ಪ್ಯಾರಾಫಿನ್ ತುಂಬಿಸಿಕೊಂಡರು. ಅದು ಜಾರಿ ಇಳಿದು ಮುಖವನ್ನೇ ಕೆಡಿಸಿತು. ಮುಂದೆ ಅವರು ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕನ ಪತ್ನಿಯಾದರು. ಕೊನೆಗಾಲವನ್ನು ಜನರಿಂದ ದೂರ ಕಳೆದು ೧೯೭೭ರಲ್ಲಿ ತೀರಿಕೊಂಡರು. ಅವರ ಕತೆಯನ್ನು ಲೋಕ ಬೇಕಾದಷ್ಟು ಆಡಿಕೊಂಡಿತು. ಆದರೂ ಪ್ಯಾರಾಫಿನ್ ಹೋದ ಮೇಲೆ ಸಿಲಿಕೋನ್ ಬಂತು, ಆಮೇಲೆ ದನದ ಚರ್ಮದ ಕೊಲಾಜೆನ್ ಬಂತು, ಈಗ ಈ ಅಂಟು. ಒಂದೊಂದು ವಸ್ತುವೂ ಹಿಂದಿನದಕ್ಕಿಂತ ಸುರಕ್ಷಿತವಾದದ್ದು ವೈದ್ಯರು ತೊಂದರೆಗಳನ್ನು ಬರೆದಿಟ್ಟದ್ದರಿಂದ. ರೋಗಿಗಳು ಬಂದು ತೋರಿಸಿದ್ದರಿಂದ. ಅಡಗಿ ಕೂತವರಿಂದ ಯಾರೂ ಏನನ್ನೂ ಕಲಿಯಲಿಲ್ಲ.

ನಗು ತಡೆಯುವುದು ಸೂಜಿಯನ್ನಲ್ಲ, ಹೇಳುವ ಬಾಯಿಯನ್ನು. ಯಾಕೆಂದರೆ ಚುಚ್ಚಿಸಿಕೊಳ್ಳುವ ಮೊದಲೂ ನಾವು ನಕ್ಕವರೇ. ಸುಕ್ಕು ಬಿದ್ದ ಮುಖಕ್ಕೆ 'ವಯಸ್ಸಾಯಿತಲ್ಲ' ಎಂದು ನಗುತ್ತೇವೆ. ಸುಕ್ಕು ಹೋದ ಮುಖಕ್ಕೆ 'ವೇಷವೇ' ಎಂದು ನಗುತ್ತೇವೆ. ಕೆಟ್ಟ ಮುಖಕ್ಕೆ 'ಬೇಕಿತ್ತಾ ಇದೆಲ್ಲ' ಎನ್ನುತ್ತೇವೆ. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಇಪ್ಪತ್ತೊಂದು ವರ್ಷದ ಕನ್ನಡ ಕಿರುತೆರೆ ನಟಿ ತೀರಿಕೊಂಡಾಗಲೂ, ನನ್ನ ಸುತ್ತ ಕೇಳಿಬಂದ ಮೊದಲ ಮಾತು ಅದೇ. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದವರು ಆಮೇಲೆ. ಆ ಮೊದಲ ಮಾತನ್ನು ನಾನೂ ಆಡಿದ್ದೆ.

ಯಕ್ಷಗಾನದ ಬಣ್ಣದ ವೇಷಧಾರಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ ಇಡುತ್ತಾನೆ. ಕಥಕಳಿಯವರಿಗೆ ಅದೇ ಚುಟ್ಟಿ. ಅವನು ಬೇರೆಯವನಾಗಿ ಕಾಣಬೇಕೆಂದು ನಾವೇ ಬಯಸುತ್ತೇವೆ. ಬೆಳಗಾದಾಗ ಎಣ್ಣೆ ಹಚ್ಚಿ ಒರೆಸಿಕೊಂಡು ಅವನು ತನ್ನ ಮುಖದಲ್ಲಿ ಚಹಾ ಕುಡಿಯಲು ಬರುತ್ತಾನೆ. ಅವನಿಗೆ ಹಿಂತಿರುಗಲು ಒಂದು ಚೌಕಿ ಇದೆ. ಚರ್ಮದ ಕೆಳಗೆ ಬಣ್ಣ ಹಾಕಿಸಿಕೊಂಡವರಿಗೆ ಅದಿಲ್ಲ. ಆದ್ದರಿಂದ ಈ ಚುಚ್ಚುಮದ್ದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಮಾಡಿಸಲೇಬೇಕೆಂದರೆ ಅರ್ಹ ವೈದ್ಯರಲ್ಲಿ, ಕರಗಿಸುವ ಔಷಧ ಕೈಯೆಟುಕಿನಲ್ಲಿ ಇರುವಲ್ಲಿ ಮಾಡಿಸಿ ಎನ್ನುತ್ತೇನೆ. ಚರ್ಮ ಬಿಳುಚಿದರೆ, ನೋವು ಏರುತ್ತ ಹೋದರೆ, ಕಣ್ಣು ಮಂಜಾದರೆ ಆ ಗಳಿಗೆಯಲ್ಲೇ ಹೊರಡಿ. ವಾರ ಕಳೆದು ಗಂಟು ಎದ್ದರೂ ಮುಚ್ಚಿಡದೆ, ಇಂಥದ್ದನ್ನು ಚುಚ್ಚಿಸಿಕೊಂಡಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ ಎನ್ನುತ್ತೇನೆ.

ತಪ್ಪೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಅವಳ ಪಾಲಿನದು ಅವಳದ್ದು, ಅವಳೇ ಅದನ್ನು ಹೇಳುತ್ತಾಳೆ. ಚುಚ್ಚಿದವರದ್ದು, ಮೇಲ್ವಿಚಾರಕರದ್ದು, ನನ್ನದು ಎಂದು ಬೇರೆ ಪಾಲುಗಳೂ ಇವೆ. ನನ್ನ ಮಾತು ಇಷ್ಟೆ: ಲೆಕ್ಕಕ್ಕೆ ಒಂದು ಹೊತ್ತಿದೆ, ಅದು ಬೆಂಕಿ ಆರಿದ ಮೇಲೆ. ಉರಿಯುವ ಮನೆಯ ಮುಂದೆ ಯಾರು ದೀಪ ಆರಿಸದೆ ಮಲಗಿದರೆಂದು ವಿಚಾರಣೆ ಮಾಡುತ್ತ ನಿಂತವನು ನ್ಯಾಯವಂತನಲ್ಲ, ನೀರು ತರದವನು. ಮಾಡಿದವನೇ ಉಣ್ಣುತ್ತಾನೆ ಎಂಬುದು ಲೋಕ ಹೇಗಿದೆ ಎಂದು ಹೇಳುವ ಮಾತು. ಬಡಿಸುವ ಕೆಲಸವನ್ನು ನಾವು ಕೈಗೆತ್ತಿಕೊಳ್ಳಬೇಕೆಂದು ಆ ಗಾದೆ ಹೇಳಿಲ್ಲ.

ಕಳೆದ ತಿಂಗಳು ಅವಳು ಬ್ಯಾಂಕಿಗೆ ಬಂದಿದ್ದಳು. ಖಾತೆಯ ಕೆವೈಸಿ ನವೀಕರಿಸಬೇಕಿತ್ತು. ಹೊಸ ಫೋಟೋ ಕೊಟ್ಟು, 'ಇದು ಆಗ್ತದಾ, ಅಲ್ಲ ಹಳೆಯದೇ ಇರಲಿಯಾ?' ಎಂದು ಕೇಳಿದಳು. ಹೊಸದರಲ್ಲಿ ಎಡಗೆನ್ನೆಯ ಗುಳಿ ಚೆನ್ನಾಗಿ ಕಾಣುತ್ತಿತ್ತು. ಗೆರೆಗಳೂ ಹಿಂತಿರುಗಿದ್ದವು. ನಮ್ಮ ನಿಯಮ ಸರಳ: ಎದುರು ನಿಂತವರ ಮುಖಕ್ಕೂ ಫೋಟೋಕ್ಕೂ ತಾಳೆಯಾಗಬೇಕು, ಅಷ್ಟೆ. ತಾಳೆ ನೋಡಿ ಅಂಟಿಸಿ, ಮೊಹರು ಹಾಕಿ, ಸಹಿ ಮಾಡಿದೆ. ಕ್ಯೂ ಉದ್ದವಿತ್ತು. ಏನಾದರೂ ತಮಾಷೆಯ ಮಾತು ಆಡುವುದು ನನ್ನ ಅಭ್ಯಾಸ; ಆ ದಿನ ಆಡಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಾ ಎಂದೆ. ಬಂದಳು.